ನೀರಿನಿಂದ ಮೇಲೆ ಬಂದ 22 ನಿಮಿಷಕ್ಕೆ: ಒಂದು ತಣ್ಣೀರಿನ ಈಜಿನ ಪ್ರಕರಣ

ತಣ್ಣೀರಿನಲ್ಲಿ ಈಜಿದವರ ಒಳಮೈ ಎಲ್ಲಕ್ಕಿಂತ ಜಾಸ್ತಿ ತಣ್ಣಗಾಗುವುದು ಸಾಮಾನ್ಯವಾಗಿ ನೀರಿನಲ್ಲಿ ಇರುವಾಗ ಅಲ್ಲ. ಮೇಲೆ ಬಂದು, ಮೈ ಒರೆಸಿಕೊಂಡು, "ಆಯ್ತಪ್ಪ, ಮುಗೀತು" ಅಂದ ಮೇಲೆ. ಈಜುವವರ ಮೇಲೆ ಕಣ್ಣಿಟ್ಟು ದಡ ಕಾಯಲು ಹೊಸದಾಗಿ ಬರುವವರಿಗೆ ಇದನ್ನು ಸುಮ್ನೆ ಬಾಯಲ್ಲಿ ಹೇಳಿದರೆ ಮನಸ್ಸಿಗೆ ಇಳಿಯುವುದಿಲ್ಲ. ಅದಕ್ಕೇ ಅವರ ಮುಂದೆ ಒಂದು ಈಜನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿ ಇಡುತ್ತೇನೆ. ಹಲವರಲ್ಲಿ ಕಂಡದ್ದನ್ನು ಒಬ್ಬರ ಮೇಲೆ ಇಟ್ಟು ತರಬೇತಿಗೆಂದು ಕಟ್ಟಿದ ಪ್ರಕರಣ ಇದು. ಇಲ್ಲಿನ ಅಂಕಿಗಳು ಯಾರೊಬ್ಬರ ದಾಖಲೆಯೂ ಅಲ್ಲ. ಇಂಥ ನೀರಿನಲ್ಲಿ ಇಂಥ ಮೈ ಹೇಗೆ ನಡೆದುಕೊಳ್ಳುತ್ತದೋ ಆ ಲೆಕ್ಕಕ್ಕೆ ಹೊಂದುವ ಅಂಕಿಗಳು.

ಈಜುವ ಮೊದಲು

ಈಜುಗಾರ್ತಿಗೆ ನಲವತ್ತು ದಾಟಿದೆ. ತೂಕ 60 ಕೆಜಿ, ತೆಳ್ಳಗಿನ ಮೈ. ವರ್ಷಗಟ್ಟಲೆ ಈಜುಕೊಳದಲ್ಲಿ ಈಜಿದವರು. ಬಿಪಿ, ಹೃದಯದ ತೊಂದರೆ ಏನೂ ಇಲ್ಲ. ಬೇಸಿಗೆ ಮುಗಿದಾಗಿನಿಂದ ಸರೋವರದಲ್ಲಿ ಈಜುತ್ತಿದ್ದಾರೆ. ನೀರು ವಾರದಿಂದ ವಾರಕ್ಕೆ ತಣ್ಣಗಾದಂತೆ ಅವರೂ ಅದಕ್ಕೆ ಒಗ್ಗಿಕೊಂಡಿದ್ದಾರೆ.

ಆ ದಿನ ನೀರು 11 ಡಿಗ್ರಿ ಸೆಲ್ಸಿಯಸ್, ಗಾಳಿ 8 ಡಿಗ್ರಿ. ಗಾಳಿ ಸ್ವಲ್ಪ ಜೋರಾಗಿಯೇ ಬೀಸುತ್ತಿತ್ತು. ಮೈಮೇಲೆ ಮಾಮೂಲಿ ಈಜುಡುಗೆ, ತಲೆಗೆ ಎರಡು ಟೋಪಿ. ಮೈ ಬೆಚ್ಚಗಿಡುವ ರಬ್ಬರಿನ ಉಡುಗೆ, ಅಂದರೆ ವೆಟ್‌ಸೂಟ್ ಇಲ್ಲ. 11 ಡಿಗ್ರಿ ಅಂದರೆ ಎಷ್ಟು ತಣ್ಣಗೆ ಅಂತ ಅಂದಾಜಿಗೆ ಒಂದು ಮಾತು: ಅಂತರರಾಷ್ಟ್ರೀಯ ತೆರೆದ ನೀರಿನ ಸ್ಪರ್ಧೆಗಳ ನಿಯಮದಲ್ಲಿ ನೀರು 16 ಡಿಗ್ರಿಗಿಂತ ತಣ್ಣಗಿದ್ದರೆ ಸ್ಪರ್ಧೆಯನ್ನೇ ನಡೆಸುವುದಿಲ್ಲ.

ಒಳಗಿನ ಉಷ್ಣತೆ ಅಳೆಯಲು ಅವರು ಹಿಂದಿನ ರಾತ್ರಿಯೇ ಒಂದು ಸೆನ್ಸರ್ ಮಾತ್ರೆ ನುಂಗಿದ್ದರು. ಅದು ಹೊಟ್ಟೆಯೊಳಗಿಂದ ರೇಡಿಯೋ ಸಂಕೇತ ಕಳಿಸುತ್ತದೆ, ಹೊರಗಿನ ರಿಸೀವರ್ ಓದಿಕೊಳ್ಳುತ್ತದೆ. ರಾತ್ರಿಯೇ ಯಾಕೆ ಅಂದರೆ, ಮಾತ್ರೆ ಜಠರ ದಾಟಿ ಕರುಳಿಗೆ ಇಳಿದಿರಬೇಕು. ಜಠರದಲ್ಲೇ ಇದ್ದರೆ ಒಂದು ಗುಟುಕು ನೀರು ಕುಡಿದರೂ ಅಳತೆ ಹಾಳು.

ನೀರಿಗೆ ಇಳಿಯುವ ಮುಂಚೆ ರಿಸೀವರ್ ತೋರಿಸಿದ್ದು 37.2. ಯೋಜನೆ 25 ನಿಮಿಷದ್ದು.

ನೀರಿನಲ್ಲಿ

ಮೊದಲ ನಿಮಿಷದ ಅಪಾಯ ಬೇರೆಯದೇ. ತಣ್ಣೀರು ಚರ್ಮಕ್ಕೆ ತಾಗಿದ ಕೂಡಲೇ ಉಸಿರು ಒಮ್ಮೆಲೇ ಒಳಕ್ಕೆ ಎಳೆದುಕೊಳ್ಳುತ್ತದೆ, ಆಮೇಲೆ ತಡೆಯಲಾಗದ ಏದುಸಿರು, ಎದೆಬಡಿತ ಏರುತ್ತದೆ. ಮೊದಲ ಅರ್ಧ ನಿಮಿಷದಲ್ಲಿ ಇದು ಜೋರು, ಎರಡು ಮೂರು ನಿಮಿಷದಲ್ಲಿ ತಗ್ಗುತ್ತದೆ. ಆ ಉಸಿರಿನ ಹೊತ್ತಿಗೆ ಬಾಯಿ ನೀರಿನೊಳಗಿದ್ದರೆ ಮುಳುಗಲು ಅಷ್ಟೇ ಸಾಕು. ಒಳಗಿನ ಉಷ್ಣತೆಗೂ ಇದಕ್ಕೂ ಸಂಬಂಧವೇ ಇಲ್ಲ, ಎಲ್ಲ ಚರ್ಮದ ಕೆಲಸ. ಕೆಲವೇ ನಿಮಿಷದ ತಣ್ಣೀರಿನ ಮುಳುಗು ಐದಾರು ಸಲ ಆದರೆ ಈ ಆಘಾತ ಬಹಳಷ್ಟು ಕಡಿಮೆಯಾಗುತ್ತದೆ. ನಮ್ಮ ಈಜುಗಾರ್ತಿಗೆ ಅದು ಯಾವಾಗಲೋ ಆಗಿತ್ತು. ನಿಧಾನವಾಗಿ ಇಳಿದರು, ಮುಖಕ್ಕೆ ನೀರು ಹಾಕಿಕೊಂಡರು, ಉಸಿರು ಹಿಡಿತಕ್ಕೆ ಬಂದ ಮೇಲೆ ಹೊರಟರು.

ಈ ಒಗ್ಗಿಕೊಳ್ಳುವುದರಲ್ಲಿ ಒಂದು ತೊಡಕಿದೆ. ಆಘಾತ ಕಡಿಮೆಯಾದ ಹಾಗೆಯೇ ಚಳಿ ಅನ್ನಿಸುವುದೂ ಕಡಿಮೆಯಾಗುತ್ತದೆ, ನಡುಕವೂ ತಡವಾಗಿ ಬರುತ್ತದೆ. ಬಿಸಿ ಕಳೆಯುವುದು ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹಾಗಾಗಿ ರೂಢಿಯಾದ ಈಜುಗಾರರು ಹಾಯಾಗಿ ಈಜುತ್ತಲೇ ತಣ್ಣಗಾಗುತ್ತಾ ಹೋಗಬಹುದು. ಹೊಸಬರಿಗಿಂತ ಇವರ ಮೇಲೆ ಕಣ್ಣಿಡುವುದೇ ಕಷ್ಟ.

8ನೇ ನಿಮಿಷಕ್ಕೆ ಒಳಗಿನ ಉಷ್ಣತೆ 37.4. ಇಳಿದಿರಲಿಲ್ಲ, ಏರಿತ್ತು! ಹೊಸಬರು ಇಲ್ಲಿ ಯಾವಾಗಲೂ ಬೆರಗಾಗುತ್ತಾರೆ. ಆದರೆ ಇದು ಸಹಜ. ಚಳಿಗೆ ಚರ್ಮದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಬಿಸಿ ರಕ್ತ ಎದೆ-ಹೊಟ್ಟೆಯ ಕಡೆಗೇ ಸುತ್ತುತ್ತದೆ. ಜೊತೆಗೆ ಈಜಿನ ಶ್ರಮ ಬಿಸಿ ಹುಟ್ಟಿಸುತ್ತದೆ. ಸ್ವಲ್ಪ ಹೊತ್ತು ದೇಹ ಗೆದ್ದಂತೆ ಕಾಣುತ್ತದೆ. ಅಷ್ಟರಲ್ಲಿ ಚರ್ಮ, ಅದರ ಕೆಳಗಿನ ಕೊಬ್ಬು, ಕೈಕಾಲಿನ ಸ್ನಾಯು ಎಲ್ಲ ಒಂದೊಂದೇ ಪದರವಾಗಿ ತಣ್ಣಗಾಗುತ್ತಿರುತ್ತವೆ. ಮಾತ್ರೆಗೆ ಅದು ಕಾಣುವುದಿಲ್ಲ.

20ನೇ ನಿಮಿಷಕ್ಕೆ 37.1. 30ಕ್ಕೆ 36.5. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಚೆನ್ನಾಗಿ ಬಿಸಿಯನ್ನು ಸಾಗಿಸುತ್ತದೆ. ಈಜುವವರ ಸುತ್ತ ನೀರು ಕದಲುತ್ತಲೇ ಇರುವುದರಿಂದ ಮೈಗೆ ಅಂಟಿದ ಸ್ವಲ್ಪ ಬೆಚ್ಚಗಿನ ಪದರವೂ ನಿಲ್ಲುವುದಿಲ್ಲ. ಕೈಕಾಲು ಆಡಿಸಿದಷ್ಟೂ ಅಲ್ಲಿಗೆ ರಕ್ತ ಹರಿಯುತ್ತದೆ, ಹರಿದ ರಕ್ತ ತಣ್ಣಗಾಗಿ ವಾಪಸ್ ಬರುತ್ತದೆ. ತೆಳ್ಳಗಿನವರಿಗೆ ಇಲ್ಲಿ ನಷ್ಟ ಜಾಸ್ತಿ. ಇಷ್ಟು ತಣ್ಣನೆಯ ನೀರಿನಲ್ಲಿ ಅವರು ಈಜಿದರೆ ಸುಮ್ಮನೆ ತೇಲುವುದಕ್ಕಿಂತ ಬೇಗ ತಣ್ಣಗಾಗಬಹುದು.

25ನೇ ನಿಮಿಷಕ್ಕೆ ದಡದಿಂದ ಸನ್ನೆ ಹೋಯಿತು. ಅವರು ಕೈ ಎತ್ತಿ "ಇನ್ನೊಂದು ಸುತ್ತು" ಅಂತ ತೋರಿಸಿ ಮುಂದುವರಿದರು.

28ನೇ ನಿಮಿಷದಲ್ಲಿ ದೂರದಿಂದಲೇ ಕಾಣುವ ಬದಲಾವಣೆ ಶುರುವಾಯಿತು. ಮೊದಲು ಉದ್ದಕ್ಕೆ ಚಾಚುತ್ತಿದ್ದ ಕೈ ಈಗ ಅರ್ಧಕ್ಕೇ ನೀರಿಗೆ ಬೀಳುತ್ತಿತ್ತು. ಸ್ಟ್ರೋಕ್‌ಗಳು, ಅಂದರೆ ಕೈಬೀಸುಗಳು, ಬೇಗ ಬೇಗ ಬರುತ್ತಿದ್ದವು, ಆದರೆ ಒಂದೊಂದಕ್ಕೂ ಮುಂದೆ ಹೋಗುವುದು ಕಡಿಮೆ. ಬೆರಳುಗಳು ಕೂಡಿ ನಿಲ್ಲದೆ ಅಗಲವಾಗಿ ಬಿಟ್ಟುಕೊಂಡಿದ್ದವು. ಸೊಂಟ, ಕಾಲು ಕೆಳಕ್ಕೆ ಇಳಿದು ಮೈ ಓರೆಯಾಗಿತ್ತು. 1999ರಲ್ಲಿ ಬ್ರಿಟನ್ನಿನ ಸಂಶೋಧಕ ಮೈಕೆಲ್ ಟಿಪ್ಟನ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗದಲ್ಲಿ ಕಂಡದ್ದು ಇದೇ. ಹತ್ತು ಮಂದಿ ಒಳ್ಳೆಯ ಈಜುಗಾರರನ್ನು ಮೂರು ಬಗೆಯ ನೀರಿನಲ್ಲಿ 90 ನಿಮಿಷದವರೆಗೆ ಈಜಿಸಿದರು. 25 ಡಿಗ್ರಿಯಲ್ಲಿ ಹತ್ತೂ ಮಂದಿ ಮುಗಿಸಿದರು, 18ರಲ್ಲಿ ಎಂಟು ಮಂದಿ, 10ರಲ್ಲಿ ಐದೇ ಮಂದಿ. ತಣ್ಣನೆಯ ನೀರಿನಲ್ಲಿ ಸ್ಟ್ರೋಕ್ ಗಿಡ್ಡವಾಯಿತು, ಕೈ ಬೀಸುವ ವೇಗ ಹೆಚ್ಚಿತು, ಕಾಲು ಕೆಳಗಾಗಿ ಮೈ ನೀರಿನಲ್ಲಿ ನಿಂತ ಹಾಗೆ ನೆಟ್ಟಗಾಗುತ್ತಾ ಬಂತು.

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುವು ಈ 28ನೇ ನಿಮಿಷ. ಆಗ ಒಳಗೆ ಇನ್ನೂ 36.6 ಇತ್ತು. ಥರ್ಮಾಮೀಟರ್ ಹಿಡಿದು ನೋಡುವವರಿಗೆ ಗಾಬರಿಯಾಗುವಂಥದ್ದು ಏನೂ ಇಲ್ಲ. ಆದರೆ ಕೈಗಳು ಆಗಲೇ ಹೇಳುತ್ತಿದ್ದವು. ಈ ಹೊತ್ತಿನಲ್ಲಿ ಈಜುವವರನ್ನು "ಹೇಗಿದೀರಿ?" ಅಂತ ಕೇಳುವುದರಿಂದ ಪ್ರಯೋಜನವಿಲ್ಲ. ಉತ್ತರ "ಚೆನ್ನಾಗಿದೀನಿ" ಅಂತಲೇ ಬರುತ್ತದೆ. ಸ್ಟ್ರೋಕ್ ಕೆಟ್ಟರೆ ಈಜು ಮುಗಿಯಿತು ಅಂತ ನೀರಿಗಿಳಿಯುವ ಮುಂಚೆಯೇ ಮಾತಾಗಿರಬೇಕು.

38ನೇ ನಿಮಿಷಕ್ಕೆ ಅವರು ದಡಕ್ಕೆ ಬಂದರು. ಒಳಗೆ 35.9.

ದಡದ ಮೇಲೆ

ನಗುತ್ತಲೇ ಬಂದರು. ಮೈ ಕೆಂಪಗಾಗಿತ್ತು, ನಡುಕ ಇಲ್ಲ. "ಎಷ್ಟು ಚೆನ್ನಾಗಿತ್ತು ಗೊತ್ತಾ? ಇನ್ನೂ ಹತ್ತು ನಿಮಿಷ ಹೋಗಬಹುದಿತ್ತು," ಅಂದರು. ಕಾರಿನ ಕೀ ಎಲ್ಲಿ ಅಂತ ಕೇಳಿದರು. ಬಿಸಿನೀರಿನ ಶವರ್ ತಗೊಂಡು ಹೊರಡುತ್ತೇನೆ ಅನ್ನುವುದು ಅವರ ಯೋಚನೆ. ಆ ಕ್ಷಣದಲ್ಲಿ ಅವರನ್ನು ನೋಡಿದ ಯಾರಿಗೇ ಆಗಲಿ, ಕೆಲಸ ಮುಗಿಯಿತು ಅಂತಲೇ ಅನ್ನಿಸುತ್ತದೆ.

ದಡ ಕಾಯುತ್ತಿದ್ದ ಹುಡುಗಿ ಬಿಡಲಿಲ್ಲ. "ಅಕ್ಕಾ, ಮೊದಲು ಈ ಗೋಡೆ ಮರೆಗೆ ಬನ್ನಿ. ಕೂತ್ಕೊಳಿ. ಕೀ ನನ್ನ ಹತ್ರ ಇರಲಿ."

ಒದ್ದೆ ಉಡುಗೆ ತೆಗೆಸಿದಳು. ಉಜ್ಜದೆ, ಟವೆಲ್ ಒತ್ತಿ ಒರೆಸಿದಳು. ಒಣಗಿದ ಬಟ್ಟೆ ಮೊದಲು ಎದೆಗೆ, ಆಮೇಲೆ ತಲೆಗೆ ಉಣ್ಣೆ ಟೋಪಿ, ಆಮೇಲೆ ಕಾಲಿಗೆ. ಕೂರಲು ದಪ್ಪ ಮ್ಯಾಟ್, ಯಾಕೆಂದರೆ ತಣ್ಣನೆಯ ನೆಲವೂ ಬಿಸಿ ಎಳೆಯುತ್ತದೆ. ಜಾಕೆಟ್ ಹಾಕಿದ ಮೇಲೆ ಝಿಪ್ ಎಳೆಯುವುದನ್ನು ಮಾತ್ರ ಅವರಿಗೇ ಬಿಟ್ಟಳು. ಬೇಕೆಂದೇ ಬಿಟ್ಟದ್ದು.

ಹೆಬ್ಬೆರಳು ತೋರುಬೆರಳಿನ ಹತ್ತಿರ ಬರಲೇ ಇಲ್ಲ. ಝಿಪ್‌ನ ಕೊಂಡಿ ಬೆರಳ ಸಂದಿಯಲ್ಲಿ ಜಾರುತ್ತಿತ್ತು. ಎರಡೂ ಅಂಗೈ ಸೇರಿಸಿ ಹಿಡಿಯಲು ನೋಡಿದರು, ಆಗಲೂ ಕೂಡಲಿಲ್ಲ. "ಇದೇನಿದು, ಹಿಡಿಯಕ್ಕೇ ಆಗ್ತಿಲ್ಲ" ಅಂತ ತಮ್ಮ ಕೈಯನ್ನೇ ನೋಡಿಕೊಂಡರು. ಕಾರು ಓಡಿಸಲು ಹೊರಟಿದ್ದ ಕೈ ಅದು. ಮೇಲೆ ಬಂದು ಆಗಿದ್ದು ನಾಲ್ಕೇ ನಿಮಿಷ.

7ನೇ ನಿಮಿಷಕ್ಕೆ ನಡುಕ ಶುರು. ಮೊದಲು ದವಡೆ, ಆಮೇಲೆ ಭುಜ, ಆಮೇಲೆ ಇಡೀ ಮೈ. ಒಳಗೆ 35.6. ಅಷ್ಟರಲ್ಲಿ ಇನ್ನೊಬ್ಬರು ಕಿವಿಯ ಥರ್ಮಾಮೀಟರ್ ತಂದು ಹಿಡಿದರು: 33.9. ಹಿಡಿದವರಿಗೆ ಗಾಬರಿ. ಅದು ತಪ್ಪು ಅಂಕಿ. ನೀರು ಹೊಕ್ಕ, ತಣ್ಣಗಾದ ಕಿವಿಯ ಕೊಳವೆಯನ್ನು ಅದು ಅಳೆದಿತ್ತು.

14ನೇ ನಿಮಿಷಕ್ಕೆ ಮತ್ತೆ ಹಿಡಿದರು. ಈಗ ಕಿವಿ 35.1 ಹೇಳಿತು. "ಏರ್ತಿದೆ, ಪರವಾಗಿಲ್ಲ" ಅಂತ ನಿಟ್ಟುಸಿರು ಬಿಟ್ಟರು. ಅದೇ ಹೊತ್ತಿಗೆ ಮಾತ್ರೆಯ ಅಂಕಿ 34.8. ಉಣ್ಣೆ ಟೋಪಿಯ ಕೆಳಗೆ ಕಿವಿ ಬೆಚ್ಚಗಾಗುತ್ತಿತ್ತು, ಕರುಳು ಇನ್ನೂ ತಣ್ಣಗಾಗುತ್ತಿತ್ತು. ಎರಡು ಉಪಕರಣ, ಎರಡು ದಿಕ್ಕು. ತರಬೇತಿಯಲ್ಲಿ ಈ ಜಾಗದಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕಿವಿ, ಚರ್ಮ, ಈಜುವವರ ಅನಿಸಿಕೆ, ಎಲ್ಲವೂ ಮೇಲ್ಮೈಯ ಸುದ್ದಿಯನ್ನೇ ಕೊಡುತ್ತವೆ. ಮೇಲ್ಮೈ ಬೆಚ್ಚಗಾಗಲು ಶುರುವಾದಾಗ ಒಳಗಡೆ ಇನ್ನೂ ಇಳಿಯುತ್ತಿರಬಹುದು.

ಈಜುಗಾರ್ತಿಯ ಮಾತು ನಿಧಾನವಾಯಿತು. ಪದಗಳ ಕೊನೆ ನುಂಗುತ್ತಿದ್ದರು. "ನನ್ನ ಬಿಟ್ಟುಬಿಡೇ, ನಾನು ಚೆನ್ನಾಗಿದೀನಿ" ಅಂತ ಸಿಡುಕಿದರು. ಮಾಮೂಲಿಯಾಗಿ ಸಿಡುಕುವ ಹೆಂಗಸಲ್ಲ ಅವರು. ಆ ಸಿಡುಕನ್ನೂ ಹುಡುಗಿ ಹೊತ್ತಿನ ಸಮೇತ ಬರೆದುಕೊಂಡಳು. ಅವರಿಗೆ ಗೊತ್ತಿರುವ ಸಣ್ಣ ಪ್ರಶ್ನೆಗಳನ್ನೇ ಕೇಳುತ್ತಾ ಹೋದಳು: ಇವತ್ತು ಯಾವ ವಾರ, ಎಷ್ಟು ಸುತ್ತು ಹೊಡೆದಿರಿ, ಇಲ್ಲಿಗೆ ಹೇಗೆ ಬಂದಿರಿ. ಉತ್ತರ ತಡವಾಗಿ ಬಂದರೂ ಸರಿಯಾಗಿ ಬಂತು.

22ನೇ ನಿಮಿಷ: 34.6. ಇದೇ ತಳ. ಅಲ್ಲಿಂದ ಮೇಲಕ್ಕೆ.

ಲೆಕ್ಕ ಹಾಕಿ ನೋಡಿ. ನೀರಿನಲ್ಲಿದ್ದ 38 ನಿಮಿಷದಲ್ಲಿ ಇಳಿದದ್ದು 1.3 ಡಿಗ್ರಿ. ದಡದಲ್ಲಿ, ಒಣಬಟ್ಟೆಯೊಳಗೆ, ಗಾಳಿಯ ಮರೆಯಲ್ಲಿ ಕೂತ 22 ನಿಮಿಷದಲ್ಲಿ ಇಳಿದದ್ದೂ 1.3 ಡಿಗ್ರಿ. 35ಕ್ಕಿಂತ ಕೆಳಗೆ ಹೋದರೆ ಅದಕ್ಕೆ ಹೈಪೋಥರ್ಮಿಯಾ ಅನ್ನುತ್ತಾರೆ. ನೀರಿನಲ್ಲಿ ಅವರಿಗೆ ಹೈಪೋಥರ್ಮಿಯಾ ಆಗಿರಲಿಲ್ಲ. ಆದದ್ದು ಮ್ಯಾಟ್ ಮೇಲೆ ಕೂತಿದ್ದಾಗ.

ಯಾಕೆ ಇಳಿಯುತ್ತದೆ?

ಇದಕ್ಕೆ ಆಫ್ಟರ್‌ಡ್ರಾಪ್ ಅಂತ ಹೆಸರು. ಹೊಸ ಸಂಗತಿಯಲ್ಲ. 1790ರ ದಶಕದಲ್ಲೇ ಲಿವರ್‌ಪೂಲ್‌ನ ವೈದ್ಯ ಜೇಮ್ಸ್ ಕರಿ, ತಣ್ಣೀರಿನಿಂದ ಮೇಲೆ ಬಂದವರ ಉಷ್ಣತೆ ಮತ್ತೆ ಇಳಿಯುವುದನ್ನು ಗಮನಿಸಿ ಬರೆದಿದ್ದರು. ಕಾರಣದ ಬಗ್ಗೆ ಮಾತ್ರ ಬಹಳ ಕಾಲ ವಾದ ನಡೆಯಿತು.

ಜನಪ್ರಿಯ ವಿವರಣೆ ರಕ್ತದ್ದು. ನೀರಿನಲ್ಲಿ ಬಿಗಿದಿದ್ದ ಕೈಕಾಲಿನ ರಕ್ತನಾಳಗಳು ಮೇಲೆ ಬಂದಾಗ ಸಡಿಲವಾಗುತ್ತವೆ, ಅಲ್ಲಿನ ತಣ್ಣನೆಯ ರಕ್ತ ಎದೆಗೆ ನುಗ್ಗುತ್ತದೆ ಅನ್ನುವುದು. ಕೇಳಿದ ಕೂಡಲೇ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ 1986ರಲ್ಲಿ ಪಾಲ್ ವೆಬ್ ಎಂಬ ಸಂಶೋಧಕರು ರಕ್ತವೇ ಹರಿಯದ ವಸ್ತುಗಳ ಮೇಲೆ ಪ್ರಯೋಗ ಮಾಡಿದರು. ಒಂದು ಚೀಲದ ತುಂಬ ಜೆಲಟಿನ್, ಒಂದು ದನದ ತೊಡೆಯ ಮಾಂಸ. ಎರಡನ್ನೂ ಹೊರಗಿಂದ ತಣ್ಣಗಾಗಿಸಿ, ಆಮೇಲೆ ಹೊರಗಿಂದ ಬೆಚ್ಚಗಾಗಿಸಿದರು. ನಡುಭಾಗದ ಉಷ್ಣತೆ ಅಲ್ಲೂ ಇನ್ನಷ್ಟು ಇಳಿದು ಆಮೇಲೆ ಏರಿತು. ಬಿಸಿ ಯಾವಾಗಲೂ ಬೆಚ್ಚಗಿನ ಕಡೆಯಿಂದ ತಣ್ಣನೆಯ ಕಡೆಗೆ ಹರಿಯುತ್ತದೆ. ಹೊರಗಿನ ಪದರಗಳು ಒಳಗಿಗಿಂತ ತಣ್ಣಗೆ ಇರುವವರೆಗೂ ಒಳಗಿನ ಬಿಸಿ ಅತ್ತ ಹೋಗುತ್ತಲೇ ಇರುತ್ತದೆ. ನೀರಿನಿಂದ ಎದ್ದು ಬಂದರೂ ಆ ಪದರಗಳು ಮೈಯಲ್ಲೇ ಇರುತ್ತವಲ್ಲ.

ಹಾಗಂತ ರಕ್ತದ ಪಾತ್ರ ಇಲ್ಲವೇ ಇಲ್ಲ ಅಂತಲೂ ಅಲ್ಲ. ಕೆನಡಾದ ಗಾರ್ಡನ್ ಗೀಸ್‌ಬ್ರೆಕ್ಟ್ ಮತ್ತು ಜೊತೆಗಾರರ ಪ್ರಯೋಗಗಳಲ್ಲಿ, ತಣ್ಣಗಾದವರು ಸುಮ್ಮನೆ ಕೂತು ನಡುಗಿದರೆ ಇಳಿತ ಕಡಿಮೆ, ಎದ್ದು ನಡೆದರೆ ಜಾಸ್ತಿ ಅಂತ ಕಂಡಿದೆ. ನಡೆದಾಗ ತಣ್ಣನೆಯ ಕಾಲಿನ ಸ್ನಾಯುಗಳಿಗೆ ರಕ್ತ ಹರಿದು ಮರಳುತ್ತದೆ. "ನಾಲ್ಕು ಹೆಜ್ಜೆ ಓಡು, ಬಿಸಿ ಬರುತ್ತೆ" ಅನ್ನುವ ಸಲಹೆಯನ್ನು ನಾನು ಒಪ್ಪದಿರುವುದು ಇದಕ್ಕೇ. ಚಳಿ ಅನ್ನಿಸಿದ ಮಾತ್ರಕ್ಕೆ ಯಾರೂ ಕದಲಬಾರದು ಅಂತಲ್ಲ. ಕೈ ಕೆಲಸ ಮಾಡದಷ್ಟು ತಣ್ಣಗಾದವರು ಮೊದಲ ಅರ್ಧ ಗಂಟೆ ಕೂತಿರಬೇಕು ಅಥವಾ ಮಲಗಿರಬೇಕು.

ಒಂದು ಮಾತು ಸೇರಿಸಲೇಬೇಕು. ಮಾತ್ರೆ ಕರುಳಿನಲ್ಲಿದೆ. ಹೃದಯದ ಹತ್ತಿರದ ರಕ್ತ ಸಾಮಾನ್ಯವಾಗಿ ಅದಕ್ಕಿಂತ ಬೇಗ ತಳ ಮುಟ್ಟಿ ಬೇಗ ಏರುತ್ತದೆ, ಇಳಿತವೂ ಅಲ್ಲಿ ಕಡಿಮೆ. ಹಾಗಾಗಿ 34.6 ಅನ್ನುವುದು ಹೃದಯದ ಅಂಕಿ ಅಲ್ಲ. ಆದರೂ ಕೈ, ನಾಲಿಗೆ, ಮನಸ್ಸು ಹೇಗೆ ಕೆಡುತ್ತಾ ಹೋದವು ಅನ್ನುವುದು ಆ ಅಂಕಿಯ ಜೊತೆಗೇ ಸಾಗಿತು.

ಶವರ್, ಬಿಸಿ ಪಾನೀಯ

ಬಿಸಿನೀರಿನ ಶವರ್ ಯಾಕೆ ಬೇಡ? ನೀರಿನಲ್ಲಿದ್ದಾಗ ಸುತ್ತಲಿನ ನೀರಿನ ಒತ್ತಡ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಎದ್ದು ನಿಂತ ಕೂಡಲೇ ಆ ಆಸರೆ ಹೋಗುತ್ತದೆ. ಮೇಲಿಂದ ಬಿಸಿನೀರು ಬಿದ್ದರೆ ಚರ್ಮದ ರಕ್ತನಾಳಗಳು ಅಗಲವಾಗಿ ಬಿಪಿ ಇನ್ನೂ ಬೀಳುತ್ತದೆ. ಒಬ್ಬರೇ, ಜಾರುವ ನೆಲದ ಮೇಲೆ, ಬಾಗಿಲು ಹಾಕಿಕೊಂಡು ನಿಂತಿದ್ದಾಗ ತಲೆ ಸುತ್ತಿ ಬೀಳುವುದು ಹೀಗೇ. ಇನ್ನೊಂದು, ಚರ್ಮ ಬೆಚ್ಚಗಾದರೆ ನಡುಕ ನಿಂತುಬಿಡುತ್ತದೆ. ಹಾಯ್ ಅನ್ನಿಸುತ್ತದೆ, ಆದರೆ ಒಳಗೆ ಬಿಸಿ ಹುಟ್ಟಿಸುತ್ತಿದ್ದ ಯಂತ್ರವೇ ನಿಂತ ಹಾಗೆ. ಜೋರು ನಡುಕ ವಿಶ್ರಾಂತಿಯ ಹೊತ್ತಿನ ಸುಮಾರು ಐದು ಪಟ್ಟಿನವರೆಗೆ ಬಿಸಿ ಕೊಡಬಲ್ಲದು. ನೋಡಲು ಭಯವಾದರೂ ಅದು ನಮ್ಮ ಕಡೆಯದು. ಅದನ್ನು ನಡೆಯಲು ಬಿಡಬೇಕು.

ಬಿಸಿ ಪಾನೀಯದ ಬಗ್ಗೆ ಇರುವ ನಂಬಿಕೆ ಅದರ ಯೋಗ್ಯತೆಗಿಂತ ದೊಡ್ಡದು. ಲೆಕ್ಕ ಸುಲಭ. 60 ಕೆಜಿ ಮೈಯನ್ನು ಒಂದು ಡಿಗ್ರಿ ಏರಿಸಲು ಸುಮಾರು 50 ಕಿಲೋಕ್ಯಾಲರಿ ಬೇಕು. 50 ಡಿಗ್ರಿ ಬಿಸಿಯ ಒಂದು ದೊಡ್ಡ ಲೋಟ, ಅಂದರೆ 250 ಮಿಲಿಲೀಟರ್ ಪಾನೀಯ ಮೈಗೆ ಕೊಡುವ ಬಿಸಿ ಮೂರೂವರೆ ಕಿಲೋಕ್ಯಾಲರಿಯಷ್ಟು. ಅಂದರೆ ಡಿಗ್ರಿಯ ಹತ್ತನೇ ಒಂದು ಭಾಗವೂ ಏರುವುದಿಲ್ಲ. ಉಪಯೋಗಕ್ಕೆ ಬರುವುದು ಅದರೊಳಗಿನ ಸಕ್ಕರೆ. ನಡುಗುವ ಸ್ನಾಯುಗಳಿಗೆ ಅದು ಇಂಧನ. ಹುಡುಗಿ ಲೋಟ ಕೊಟ್ಟಿದ್ದು ಅರ್ಧ ಗಂಟೆಯ ಮೇಲೆ, ಅವರು ಅದನ್ನು ತಾವೇ ಚೆಲ್ಲದೆ ಹಿಡಿಯಬಲ್ಲರು ಅಂತ ಕಂಡ ಮೇಲೆ. ಅದಕ್ಕೂ ಮುಂಚೆ ಕೊಟ್ಟಿದ್ದರೆ ಮೈಮೇಲೆ ಚೆಲ್ಲಿಕೊಂಡು ಸುಟ್ಟುಕೊಳ್ಳುತ್ತಿದ್ದರು. ಮರಗಟ್ಟಿದ ಕೈಗೆ ಬಿಸಿ ಗೊತ್ತಾಗುವುದಿಲ್ಲ.

ಯಾವಾಗ ತುರ್ತು ಸಹಾಯಕ್ಕೆ ಫೋನ್ ಮಾಡುವುದು? ಈ ಪ್ರಕರಣದಲ್ಲಿ ಫೋನ್ ಹುಡುಗಿಯ ಕೈಯಲ್ಲೇ ಇತ್ತು, ಮಾಡಬೇಕಾಗಲಿಲ್ಲ. ಮೈ ಇನ್ನೂ ತಣ್ಣಗಿರುವಾಗಲೇ ನಡುಕ ನಿಂತರೆ, ಜೊಂಪು ಹತ್ತಿದರೆ, ಉತ್ತರ ತಪ್ಪಿದರೆ, ನಿಲ್ಲಲು ಆಗದಿದ್ದರೆ ಒಂದು ಕ್ಷಣವೂ ಕಾಯಬಾರದು. ಅಂಥವರನ್ನು ಮಲಗಿಸಿಯೇ ಇಡಬೇಕು, ಮೆಲ್ಲಗೆ ಮುಟ್ಟಬೇಕು. ತೀರಾ ತಣ್ಣಗಾದ ಹೃದಯದ ಲಯ ಒರಟಾಗಿ ಅಲುಗಿಸಿದರೂ ಕೆಡಬಹುದು.

ಆಮೇಲೆ

45ನೇ ನಿಮಿಷಕ್ಕೆ 35.2. ನಡುಕ ಅಲೆ ಅಲೆಯಾಗಿ ಬಂದು ಹೋಗುತ್ತಿತ್ತು. ಮಾತು ಸರಿಯಾಯಿತು. ಝಿಪ್ ತಾವೇ ಎಳೆದುಕೊಂಡರು. ಒಂದೂವರೆ ಗಂಟೆಗೆ 36.4. ಆಗಲೂ ಕಾರನ್ನು ಬೇರೆಯವರೇ ಓಡಿಸಿದರು. ಅವರಿಗೆ 14ರಿಂದ 22ನೇ ನಿಮಿಷದ ನಡುವಿನದು ಅಷ್ಟಾಗಿ ನೆನಪಿರಲಿಲ್ಲ. ಸಿಡುಕಿದ್ದು ಗೊತ್ತೇ ಇರಲಿಲ್ಲ. ಹುಡುಗಿ ಬರೆದುಕೊಂಡಿದ್ದನ್ನು ತೋರಿಸಿದಾಗ ಎರಡು ಸಲ ಓದಿದರು.

ಮುಂದಿನ ಈಜಿಗೆ ಅವರೇ ಹೇಳಿ ನಿಯಮ ಬದಲಿಸಿಕೊಂಡರು. ಅವಧಿ 20 ನಿಮಿಷ, ನೀರಿನೊಳಗಿಂದ ಅದನ್ನು ಬದಲಿಸುವ ಹಕ್ಕು ಅವರಿಗಿಲ್ಲ. ಸ್ಟ್ರೋಕ್ ಗಿಡ್ಡವಾದರೆ ದಡದವರು ಸೀಟಿ ಊದುತ್ತಾರೆ, ಸೀಟಿ ಕೇಳಿದರೆ ನೇರ ದಡಕ್ಕೆ. ಕಾರಿನ ಕೀ ಮೊದಲೇ ದಡದವರ ಜೇಬಿಗೆ. ಕಾಯುವವರು ಈಜು ಮುಗಿದ ಮೇಲೆ ಕನಿಷ್ಠ ಒಂದು ಗಂಟೆ ಅಲ್ಲೇ ಇರುತ್ತಾರೆ.

ಅದೇ ನೀರು, ಅದೇ ಮೈ. 20 ನಿಮಿಷಕ್ಕೆ ಮೇಲೆ ಬಂದಾಗ 37.0 ಇತ್ತು. ದಡದ ಮೇಲೆ ಆಗಲೂ ಇಳಿಯಿತು, 36.3ರವರೆಗೆ. ನಡುಕ ಬಂತು. ಝಿಪ್ ಮಾತ್ರ ಮೊದಲ ಸಲಕ್ಕೇ ಕೈಗೆ ಸಿಕ್ಕಿತು.